ರಾಣಿಗೆ ಮೂಟೆ ಹೊಲಿಗೆ

ಗಿರಣಿಯಲ್ಲಿ ಎಂಟು ವರ್ಷ ಹಿಟ್ಟಿನ ಮೂಟೆಗಳ ಬಾಯಿ ಹೊಲಿದವಳು ನಾನು. ನಾಟಕ ಕಂಪನಿಯ ಉಡುಪಿನ ಕೋಣೆಗೆ ಸೇರಿ ಮೂರೇ ತಿಂಗಳಾಗಿತ್ತು. ಅಲ್ಲಿನ ಮಾಸ್ಟರು ಮೊದಲ ದಿನವೇ ನನಗೆ ‘ಗೋಣಿ’ ಎಂದು ಹೆಸರಿಟ್ಟಿದ್ದರು. ಮೂವತ್ತು ವರ್ಷ ರಾಜರಿಗೂ ಮಂತ್ರಿಗಳಿಗೂ ಅಂಗಿ ಹೊಲಿದ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ನನಗೇನು ಕಡಿಮೆ ಇತ್ತೇ? ಆದರೆ ಕೆಲಸ ಬೇಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ಗುಂಡಿ ಹಚ್ಚುತ್ತಿದ್ದೆ.

ಹೊಸ ನಾಟಕ ಮುನ್ನೂರು ವರ್ಷದ ಹಿಂದಿನ ಕಥೆ. ಕೊನೆಯ ದೃಶ್ಯದಲ್ಲಿ ರಾಣಿ ತುಂಬಿದ ಸಭೆಯೆದುರು ಪಟ್ಟ ಬಿಡಬೇಕು. ನಿಂತಲ್ಲೇ ಮಖಮಲ್ಲಿನ ನಿಲುವಂಗಿ ಕಳಚಿ, ಒಳಗಿನ ಒರಟು ಬಿಳಿ ಉಡುಪಿನಲ್ಲಿ ಬರಿಗೈಲಿ ಹೊರಡಬೇಕು. ತಾಲೀಮಿನಲ್ಲಿ ಇಪ್ಪತ್ತೆರಡು ಹುಕ್ಕು ಬಿಚ್ಚುವಷ್ಟರಲ್ಲಿ ಸಭೆಯೇ ಆಕಳಿಸಿತು. ಜಿಪ್ಪು ಹಾಕೋಣವೆಂದರೆ ಆ ಕಾಲದಲ್ಲಿ ಜಿಪ್ಪೆಲ್ಲಿತ್ತು? ಮಾಸ್ಟರು ಮಕ್ಕಳ ಶೂಗಿರುವಂಥ ಅಂಟುಪಟ್ಟಿಯನ್ನು ಹೊರಗೆ ಕಾಣದಂತೆ ಹಚ್ಚಿದರು. ರಾಣಿ ಎಳೆದಳು. ಅದು ‘ಪರ್ರ್’ ಎಂದಿತು. ಮಂತ್ರಿ ಮೂಗು ಮುಚ್ಚಿಕೊಂಡ. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ.

ನಿರ್ದೇಶಕಿ ಮಾತ್ರ ನಗಲಿಲ್ಲ. “ಶುಕ್ರವಾರ ಮೊದಲ ಆಟ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಈ ದೃಶ್ಯಾನೇ ಕಿತ್ತಾಕ್ತೀನಿ,” ಎಂದರು.

ಆ ಸಂಜೆ ಮನೆಗೆ ಹೋದರೆ ಅತ್ತೆ ಅಡುಗೆಮನೆಯಲ್ಲಿ ಹಿಟ್ಟಿನ ಚೀಲದ ಜೊತೆ ಕುಸ್ತಿಗೆ ಬಿದ್ದಿದ್ದರು. ಕೈಯಲ್ಲಿ ಚಾಕು ಬೇರೆ.

“ಆ ತುದಿ ಅಲ್ಲ ಅತ್ತೆ, ಅದನ್ನ ಎಳೆದಷ್ಟೂ ಬಿಗಿಯುತ್ತೆ. ಕೊಡಿ ಇಲ್ಲಿ.”

ಹೊಲಿಗೆ ಮುಗಿದ ಕಡೆಯ ದಾರ ಹಿಡಿದು ಎಳೆದೆ. ಸರ್ರನೆ ಪೂರ್ತಿ ಕೈಗೆ ಬಂತು. ಚೀಲ ಬಾಯಿ ತೆರೆಯಿತು, ನಾನೂ ತೆರೆದೆ. “ಅಯ್ಯೋ ನನ್ನ ದಡ್ಡ ತಲೆಯೇ!”

“ಯಾಕೇ? ಹಿಟ್ಟಲ್ಲಿ ಹುಳ ಇದ್ಯಾ?” ಎಂದರು ಅತ್ತೆ.

ಮರುದಿನ ಎಲ್ಲರೆದುರೇ ಹೇಳಿದೆ: ನಿಲುವಂಗಿಯ ಮುಂಭಾಗಕ್ಕೆ ಮೂಟೆಯ ಹೊಲಿಗೆ ಹಾಕೋಣ, ಜರಿ ಅಂಚಿನಡಿ ಅಡಗಿಸೋಣ, ದಾರದ ತುದಿಗೊಂದು ಮುತ್ತು ಕಟ್ಟೋಣ.

ಮಾಸ್ಟರ ಕಣ್ಣು ಕೆಂಪಾಯಿತು. “ರಾಣಿಗೆ ಮೂಟೆ ಹೊಲಿಗೇನಾ? ಆಯ್ತಮ್ಮ, ಹೊಲಿ. ಕೆಟ್ರೆ ಸೋಮವಾರದಿಂದ ಮತ್ತೆ ಗಿರಣಿ ದಾರಿ ಹಿಡಿ.”

ಗಿರಣಿಯ ಹಿಟ್ಟಿನ ಧೂಳು ಇನ್ನೂ ನನ್ನ ಎದೆಯಲ್ಲಿ ಕೆಮ್ಮಾಗಿ ಕೂತಿತ್ತು. ಅಲ್ಲಿಗೆ ವಾಪಸ್ಸು ಹೋಗುವ ಮಾತು ಕೇಳಿಯೇ ಹೆದರಿದೆ. ಆ ಹೆದರಿಕೆಯಲ್ಲೇ ಮೂಟೆ ಹೊಲಿಯುವ ಕೊಕ್ಕೆ ಸೂಜಿ ಹಿಡಿದು, ಗೊಂಬೆಗೆ ತೊಡಿಸಿದ್ದ ನಿಲುವಂಗಿಯನ್ನು ರೇಷ್ಮೆ ದಾರದಲ್ಲಿ ಹೊಲಿದೆ.

ಗುರುವಾರ ತಾಲೀಮು. ನಿಲುವಂಗಿಯನ್ನು ರಾಣಿಗೆ ತಲೆಯ ಮೇಲಿಂದ ತೊಡಿಸಿದೆವು. ಅವಳು ತನ್ನ ಕೊನೆಯ ಮಾತು ಹೇಳಿ ಕೊರಳ ಬಳಿಯ ಮುತ್ತನ್ನು ಎಳೆದಳು. ದಾರ ಬಿಗಿಯಿತು. ಇನ್ನೂ ಜಗ್ಗಿದಳು, ಇನ್ನೂ ಬಿಗಿಯಿತು.

“ಗಂಟುಮೂಟೆ ಕಟ್ಕೋ, ಗೋಣಿ,” ಎಂದರು ಮಾಸ್ಟರು.

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಎಂಟು ವರ್ಷ ಒಂದು ಮೂಟೆಗೂ ತಪ್ಪದ ಕೈ! ಹೊಲಿಗೆ ನೋಡಿದೆ. ಮೇಲಿಂದ ಕೆಳಕ್ಕೆ ಹೋಗಿತ್ತು. ‘ಉಡುಪು ಯಾವತ್ತೂ ಕೊರಳಿಂದ ಶುರು’ ಅಂತ ಮಾಸ್ಟರು ಮೂರು ತಿಂಗಳು ತಲೆಗೆ ತುಂಬಿದ್ದರಲ್ಲ, ಹೆದರಿದ ಕೈ ಅವರ ಮಾತು ಕೇಳಿತ್ತು. ಬಿಚ್ಚಿಕೊಳ್ಳುವ ತುದಿ ಕಾಲ ಬಳಿ ಉಳಿದಿತ್ತು. ಬಗ್ಗಿ ಅದನ್ನು ಎಳೆದು ತೋರಿಸಿದೆ. ನಿಲುವಂಗಿ ಬುಡದಿಂದ ಕೊರಳವರೆಗೂ ತೆರೆದುಕೊಂಡಿತು.

“ಕೆಳಗಿಂದ ಮೇಲಕ್ಕೆ ಹೊಲೀಬೇಕಿತ್ತು. ನಾಳೆ ಸಂಜೆಗೆ ಸರಿಯಾಗುತ್ತೆ,” ಎಂದೆ.

“ಜನರ ಮುಂದೆ ಹೀಗೇ ಕೈ ಕೊಟ್ರೆ?” ಎಂದರು ನಿರ್ದೇಶಕಿ.

ರಾಣಿ ಪಾತ್ರದವಳು ನನ್ನ ಕಡೆ ತಿರುಗಿದಳು. “ನೀನು ಹೊಲಿಯಕ್ಕ. ಎಳೆಯೋಳು ನಾನು ತಾನೆ?”

ಶುಕ್ರವಾರ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಅತ್ತೆ. ಪರದೆಯ ಪಕ್ಕದಲ್ಲಿ ನಾನು.

“ಈ ಭಾರ ನನ್ನದಲ್ಲ,” ಎಂದಳು ರಾಣಿ. ಮುತ್ತನ್ನು ಹಿಡಿದು ಎಳೆದಳು.

ಸದ್ದೇ ಇಲ್ಲ. ಮಾರುದ್ದದ ದಾರ ಅವಳ ಕೈಗೆ ಬಂತು. ಅಷ್ಟು ತೂಕದ ಮಖಮಲ್ಲು ತನ್ನ ಭಾರಕ್ಕೆ ತಾನೇ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು. ಬಿಳಿ ಉಡುಪಿನ ಹೆಂಗಸೊಬ್ಬಳು ಅದನ್ನು ದಾಟಿ ನಡೆದುಹೋದಳು. ಆಮೇಲೆ ಬಿತ್ತು ನೋಡಿ ಚಪ್ಪಾಳೆ, ಚಾವಣಿ ಹಾರಿಹೋಗುವಂತೆ! ಅದರ ನಡುವೆಯೂ ಅತ್ತೆಯ ಗಂಟಲು ಕೇಳಿಸಿತು: “ನನ್ ಸೊಸೆ ಕಣ್ರೀ ಹೊಲಿದಿದ್ದು! ನನ್ನ ಹಿಟ್ಟಿನ ಚೀಲ ನೋಡಿ ಕಲ್ತಿದ್ದು!”

ನನಗೆ ಅಳುವೂ ಬಂತು, ನಗುವೂ ಬಂತು, ಎರಡೂ ಒಟ್ಟಿಗೆ.

ಜನ ಕರಗಿದ ಮೇಲೆ ಉಡುಪಿನ ಕೋಣೆಗೆ ಹೋದೆ. ಮಾಸ್ಟರು ಕನ್ನಡಕ ಏರಿಸಿ ಕೂತಿದ್ದರು. ತೊಡೆಯ ಮೇಲೆ ನಿಲುವಂಗಿ, ಕೈಯಲ್ಲಿ ನನ್ನ ಕೊಕ್ಕೆ ಸೂಜಿ. ನಾಳೆಯ ಆಟಕ್ಕೆ ಅದನ್ನು ಮತ್ತೆ ಹೊಲಿಯಬೇಕಲ್ಲ. ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡರು. ಯಾರನ್ನೂ ಏನನ್ನೂ ಕೇಳಿದ ಮನುಷ್ಯನಲ್ಲ ಅವರು.

“ಕೆಳಗಿಂದ ಮೇಲಕ್ಕೆ, ಅಲ್ವೇನಮ್ಮಾ?”

“ಹೌದು ಮಾಸ್ಟರೇ,” ಎಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. “ಸೂಜಿ ಹಾಗಲ್ಲ, ಹೀಗೆ ಹಿಡೀರಿ.”