ಹಸಿವಾ ಅಂತ ಕೇಳಬಾರದು

"ತಲೆ ಮೇಲೆ ಸುರೀಬ್ಯಾಡ, ಕಾಲಿಂದ ಹಾಕ್ಕೊಂಡು ಬಾ," ಎಂದು ಅಂಜಮ್ಮ ಬಿಂದಿಗೆಗೆ ಕೈ ಅಡ್ಡ ಹಿಡಿದಳು. "ತಲೆಗೆ ಒಂದೇ ಸಲ ನೀರು ಬಿದ್ರೆ ಅವನ್ಗೆ ಆಗಾಕಿಲ್ಲ."

ಬಿಂದಿಗೆ ಎತ್ತಿದ್ದವನು ಅವಳ ತಮ್ಮ ಮುತ್ತರಾಯಪ್ಪ. ಬೆಂಚಿನ ಮೇಲೆ ಮಲಗಿದ್ದವನು ಕಡೆಯ ತಮ್ಮ ಕೆಂಪರಾಜು. ಅವನು ಹೊಸೂರಿನ ಆಸ್ಪತ್ರೆಯಲ್ಲಿ ಸತ್ತು ಒಂದು ದಿನವಾಗಿತ್ತು. ಸತ್ತ ಮೇಲೆ ಉಪಚಾರಕ್ಕೇನೂ ಕಮ್ಮಿ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿ, ಮುತ್ತರಾಯಪ್ಪ ಅಕ್ಕನ ಕೈ ಕೊಡವಿ ತಲೆಯ ಮೇಲೇ ಸುರಿದ.

ಒದ್ದೆ ಪಂಚೆ ಮೈಗಂಟಿ ಪಕ್ಕೆಲುಬುಗಳು ಎದ್ದು ಕಂಡವು. ಅಂಗಳದ ಹೆಂಗಸರ ಬಾಯಿಗೆ ಅಷ್ಟು ಸಾಕಾಯಿತು. ಡೆಂಕಣಿಕೋಟೆ ಪಕ್ಕದ ಈ ಊರಲ್ಲಿ ಸಾವಿನ ಮನೆಗೆ ಬಂದವರು ಅಳುವುದು ಹತ್ತು ನಿಮಿಷ. ಮಿಕ್ಕ ಹೊತ್ತೆಲ್ಲ ತಪ್ಪು ಯಾರದೆಂದು ಹುಡುಕುವುದೇ ಕೆಲಸ. ಅಷ್ಟು ವರ್ಷ ಅಕ್ಕನ ಮನೆಯಲ್ಲಿದ್ದನಲ್ಲ, ಇವಳು ಮುದ್ದೆ ಇಕ್ಕಿದ್ದಳೋ ಬರೀ ಗಾಳಿ ಕುಡಿಸಿದ್ದಳೋ ಎಂದಳು ಒಬ್ಬಳು. ಇವಳಿಗೆ ತನ್ನ ಕಣ್ಣಿನ ಆಪರೇಷನ್ನೇ ಹೆಚ್ಚಾಯಿತು, ತಮ್ಮನನ್ನು ಮೂಟೆ ಸಾಗಿಸಿದ ಹಾಗೆ ಹೊಸೂರಿಗೆ, ಮುತ್ತರಾಯಪ್ಪನ ಮನೆಗೆ ಸಾಗಹಾಕಿದಳು ಎಂದಳು ಇನ್ನೊಬ್ಬಳು. ಅಂಜಮ್ಮನಿಗೆ ಎಲ್ಲವೂ ಕೇಳಿಸಿತು. ಕಪ್ಪು ಕನ್ನಡಕ ಹಾಕಿದ್ದುದು ಕಣ್ಣಿಗೆ, ಕಿವಿಗಲ್ಲವಲ್ಲ.

ಅವಳಿಗೆ ಬೇಕಿದ್ದುದು ಒಂದೇ. ಹೆಣ ಎತ್ತುವ ಮುಂಚೆ ಬಾಯಿಗೆ ಅಕ್ಕಿ ಹಾಕುತ್ತಾರಲ್ಲ, ಆ ಮೊದಲ ಹಿಡಿ ತನ್ನದಾಗಬೇಕು. ಮೂವತ್ತು ವರ್ಷ ಅವನ ಬಾಯಿಗೆ ಬಿದ್ದ ತುತ್ತೆಲ್ಲ ಈ ಕೈಯಿಂದಲೇ ಹೋಗಿದ್ದು, ಕಡೆಯದೂ ಇದರಿಂದಲೇ ಹೋಗಲಿ ಎಂದು.

ಜಗಲಿಯ ಕಂಬಕ್ಕೊರಗಿ ಕೂತಿದ್ದ ಮುತ್ತರಾಯಪ್ಪನ ಹೆಂಡತಿ ಶ್ಯಾಮಲಮ್ಮ ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದಳು. ಒಂಬತ್ತು ದಿನ, ದಿನಕ್ಕೆ ಮೂರು ಸಲ, ಊಟ ಮಾಡ್ತೀಯೇನಪ್ಪಾ ಅಂತ ಬಾಯ್ತುಂಬ ಕೇಳಿದ್ದಳಂತೆ. ಬೇಡ ಅತ್ಗೆ ಅಂದನಂತೆ. ಬೇಡ ಅಂದವನ ಬಾಯಿಗೆ ತುರುಕುವುದಕ್ಕಾಗುತ್ತದೆಯೇ? ಬಂದವರು ಹೌದು ಹೌದು ಎಂದು ತಲೆಯಾಡಿಸಿ, ಅಂಜಮ್ಮನ ಕಡೆ ತಿರುಗಿ ಒಂದು ಕೆಟ್ಟ ನೋಟ ಎಸೆದು ಮುಂದಕ್ಕೆ ಹೋಗುತ್ತಿದ್ದರು.

*

ಕೆಂಪರಾಜುವಿಗೆ ಹಸಿವು ಗೊತ್ತಾಗುತ್ತಿರಲಿಲ್ಲ. ಹಸಿವು ಆಗುತ್ತಿರಲಿಲ್ಲ ಎಂದಲ್ಲ, ಆದದ್ದು ಹಸಿವು ಎಂದು ತಿಳಿಯುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಸಿಡಿಮಿಡಿ ಮಾಡುತ್ತಿದ್ದ. "ಬೆಳಕು ಜಾಸ್ತಿ ಐತೆ" ಎಂದು ಹಗಲಲ್ಲೇ ಬಾಗಿಲು ಮುಚ್ಚಿ ಕೂತುಬಿಡುತ್ತಿದ್ದ. ಎರಡು ಮುದ್ದೆ ಹೊಟ್ಟೆಗೆ ಬಿದ್ದರೆ ಬೆಳಕು ತಾನಾಗಿ ಸರಿಹೋಗುತ್ತಿತ್ತು. ಬಾಯಾರಿಕೆಯೂ ಅಷ್ಟೇ, ಒಂದಕ್ಕೆ ಹೋಗಬೇಕು ಅನ್ನಿಸುವುದೂ ಅಷ್ಟೇ. ರೋಜಾ ತೋಟದ ಶೆಡ್ಡಿನಲ್ಲಿ ಹೂವಿನ ಕಡ್ಡಿಗಳನ್ನು ಬೇರೆ ಮಾಡಲು ಕೂತನೆಂದರೆ, ಇದು ಐವತ್ತು ಸೆಂಟಿಮೀಟರ್, ಇದು ಅರವತ್ತು ಎಂದು ಸ್ಕೇಲಿಲ್ಲದೆ ಎತ್ತಿಹಾಕುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಕಟ್ಟೂ ವಾಪಸ್ಸು ಬಂದಿರಲಿಲ್ಲ. ಅಂಥವನಿಗೆ ತನ್ನ ಹೊಟ್ಟೆ ತುಂಬಿದೆಯೋ ಖಾಲಿಯೋ ಎನ್ನುವುದು ಮಾತ್ರ ಗೊತ್ತಾಗದು.

ಮೂರು ವರ್ಷದ ಕೆಳಗೆ ಒಲೆಯ ಕೆಂಡ ತುಳಿದು, ಬೊಕ್ಕೆ ಬಂದ ಕಾಲಲ್ಲೇ ಎರಡು ದಿನ ಕೆಲಸಕ್ಕೆ ಹೋಗಿಬಂದ. ಆಗ ಹೊಸೂರಿನ ಒಬ್ಬ ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ತುಂಬ ಹೊತ್ತು ಮಾತಾಡಿಸಿ, ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದಳು. ಇಂಥ ಕೆಲವರಿಗೆ ಮೈ ಹೇಳುವುದು ಅರ್ಥವಾಗುವುದಿಲ್ಲ, ಇದು ಕೊಬ್ಬೂ ಅಲ್ಲ, ಹಟವೂ ಅಲ್ಲ ಎಂದಳು. ಹೆಸರು ಹೊಸದು, ಅದಕ್ಕೆ ಅಂಜಮ್ಮ ಕಂಡುಕೊಂಡಿದ್ದ ಉಪಾಯ ಹಳೆಯದು. ತಟ್ಟೆ ಮುಂದಿಟ್ಟು "ಉಣ್ಣು" ಅನ್ನಬೇಕು. ಚೊಂಬು ಕೈಗೆ ಕೊಟ್ಟು "ಕುಡಿ" ಅನ್ನಬೇಕು. ಕೇಳಬಾರದು. ಕೇಳಿದರೆ, ಪಾಪ, ಅವನು ತನಗೆ ಅನ್ನಿಸಿದ್ದನ್ನೇ ಹೇಳುವವನು. ಏನೂ ಅನ್ನಿಸದಿದ್ದಾಗ ಬೇಡ ಅನ್ನುತ್ತಾನೆ.

ಆಪರೇಷನ್ನಿಗೆಂದು ಕೃಷ್ಣಗಿರಿಗೆ ಹೊರಟ ದಿನ ಅಂಜಮ್ಮ ಇದನ್ನೆಲ್ಲ ಶ್ಯಾಮಲಮ್ಮನ ಅಡುಗೆಮನೆಯಲ್ಲಿ ನಿಂತು ಹೇಳಿದ್ದಳು. ಒಂದು ಸಲವಲ್ಲ, ಎರಡು ಸಲ.

"ಹಸಿವಾ ಅಂತ ಕೇಳ್ಬ್ಯಾಡ ಶ್ಯಾಮಲಾ. ಇಕ್ಕು, ಉಣ್ಣು ಅನ್ನು. ಅಷ್ಟೇಯ."

"ನಮ್ಮನೇಲಿ ಹಂಗೆ ನಾಯಿಗೆ ಇಕ್ತೀವಕ್ಕಾ, ಮನುಸ್ರಿಗಲ್ಲ," ಎಂದಿದ್ದಳು ಶ್ಯಾಮಲಮ್ಮ.

ಕೇಳಿ ಬಡಿಸುವುದು ಅವಳ ತವರಿನ ಮರ್ಯಾದೆ. ಏಪ್ರಿಲ್ ಬಿಸಿಲಿನಲ್ಲಿ, ಟೆರೇಸಿನ ಮೇಲಿನ ಶೀಟಿನ ರೂಮಿನಲ್ಲಿ ಕೂತವನಿಗೆ ಅವಳು ಮೆಟ್ಟಿಲ ಕೆಳಗೆ ನಿಂತು ಕೂಗಿ ಕೂಗಿ ಮರ್ಯಾದೆ ಕೊಟ್ಟಳು. ಮೊದಲೆರಡು ದಿನ ತಟ್ಟೆ ಮೇಲಕ್ಕೆ ಹೋಯಿತು. ಆಮೇಲೆ ಮಾತು ಮಾತ್ರ ಹೋಯಿತು.

ಆರನೆಯ ದಿನ ಫೋನಿನಲ್ಲಿ ಕೆಂಪರಾಜು "ಬೆಳಕು ಜಾಸ್ತಿ ಅಕ್ಕಾ" ಎಂದಾಗ ಅಂಜಮ್ಮನಿಗೆ ಅದು ಹಸಿವು ಎಂದು ಗೊತ್ತಾಯಿತು. ಮುತ್ತರಾಯಪ್ಪನಿಗೆ ಫೋನು ಕೊಡಿಸಿ, ಮೊದಲು ಅವನಿಗೆ ನೀರು ಕುಡಿಸು, ಮುಂದೆ ಕೂತು ಉಣ್ಣಿಸು ಎಂದು ಅರಚಿದಳು. ಆಯಿತಾಯಿತು ಎಂದ ಮುತ್ತರಾಯಪ್ಪ ಮೇಲಕ್ಕೆ ಹೋಗಿ ಕಿಟಕಿಗೊಂದು ಹಳೆಯ ದುಪ್ಪಟಿ ಕಟ್ಟಿಬಂದ. ಅಂಜಮ್ಮ ಅವತ್ತೇ ಬಸ್ಸು ಹತ್ತಬೇಕಿತ್ತು. ಇನ್ನು ನಾಲ್ಕು ದಿನದೊಳಗೆ ಪ್ರಯಾಣ ಮಾಡಿದರೆ ಕಣ್ಣು ಹೋಗುತ್ತದೆ ಎಂದು ಆಸ್ಪತ್ರೆಯವರು ಹೆದರಿಸಿದ್ದರು, ಅವಳು ಹೆದರಿದಳು. ಅದನ್ನು ನೆನೆದರೆ ಕಣ್ಣು ಕೊಟ್ಟ ಆ ಆಸ್ಪತ್ರೆಯ ಮೇಲೂ ಅವಳಿಗೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಸಿಟ್ಟು.

ಒಂಬತ್ತನೆಯ ದಿನ ಅವನು ಮೆಟ್ಟಿಲ ಮೇಲೆ ಕುಸಿದುಬಿದ್ದ. ಮೈಯಲ್ಲಿ ನೀರೇ ಉಳಿದಿಲ್ಲ, ಕಿಡ್ನಿ ಎರಡೂ ನಿಂತುಹೋಗಿವೆ ಎಂದರು ಹೊಸೂರಿನ ಆಸ್ಪತ್ರೆಯವರು.

*

ಹೊರಗೆ ತಮಟೆ ಜೋರಾಯಿತು. ಮೊರದಲ್ಲಿ ಅಕ್ಕಿ ಬಂತು. ಅಂಜಮ್ಮ ಎದ್ದು ಹೆಣದ ತಲೆಯ ಬಳಿ ಹೋಗುವಷ್ಟರಲ್ಲಿ, ವರಸೆಯಲ್ಲಿ ಚಿಕ್ಕಪ್ಪನಾಗಬೇಕಾದ ಮುನಿಶಾಮಪ್ಪ ಕೋಲು ಅಡ್ಡ ಇಟ್ಟ. ಈ ಊರಲ್ಲಿ ಮದುವೆಗೂ ಮಣ್ಣಿಗೂ ಅವನದೇ ಯಜಮಾನಿಕೆ.

"ನೀನು ಆ ಕಡೀಕೆ ನಿಂತ್ಕೊಳಮ್ಮ. ಹಸ್ಕೊಂಡು ಹೋದ ಜೀವ ಅದು. ಕೊನೇ ದಿನ ಅನ್ನ ನೀರು ವಿಚಾರಿಸ್ದೋಳು ಶ್ಯಾಮಲಮ್ಮ, ಮೊದ್ಲು ಅವಳು ಹಾಕ್ಲಿ. ನೀನು ಕಡೇಗೆ ಹಾಕೀಯಂತೆ."

ಮುತ್ತರಾಯಪ್ಪ ನೆಲ ನೋಡುತ್ತ ನಿಂತಿದ್ದ. ಆ ಫೋನಿನ ವಿಷಯ ಗೊತ್ತಿದ್ದ ಒಬ್ಬನೇ ಒಬ್ಬ ಅವನು. ರೋಜಾ ತೋಟದಿಂದ ಬಂದಿದ್ದ ಸೆಲ್ವಿ ಎಂಬ ಕೂಲಿಯವಳು ಮಾತ್ರ ಹಿಂದಿನಿಂದ ದನಿಯೆತ್ತಿದಳು. ಅವನು ತೋಟದ ಕೆಲಸಕ್ಕೆ ಬರುತ್ತಿದ್ದಾಗ ದಿನಾ ಮಧ್ಯಾಹ್ನ ಪನ್ನೆಂಡು ಮಣಿಗೆ ಸರಿಯಾಗಿ ಈ ಅಕ್ಕ ತನಗೆ ಫೋನ್ ಮಾಡಿ, ಅವನಿಗೆ ಡಬ್ಬಿ ಬಿಚ್ಚಿಕೊಡು, ನೀರು ಕೊಡು ಎಂದು ಹೇಳುತ್ತಿತ್ತು, ಒಂದು ದಿನವೂ ತಪ್ಪಲಿಲ್ಲ ಎಂದಳು. ನಮ್ಮ ಮನೆಯ ಮಾತು ನಿನಗ್ಯಾಕೆ ಎಂದು ಯಾರೋ ಅವಳ ಬಾಯಿ ಮುಚ್ಚಿಸಿದರು.

ಅಂಜಮ್ಮ ಪಕ್ಕಕ್ಕೆ ಸರಿದಳು. ಇಷ್ಟು ಬೇಗ ಸರಿದಾಳು ಎಂದು ಮುನಿಶಾಮಪ್ಪನೂ ಅಂದುಕೊಂಡಿರಲಿಲ್ಲ. ಹೆಂಗಸರು ಮೊರದಿಂದ ಒಂದೊಂದು ಹಿಡಿ ಅಕ್ಕಿ ತೆಗೆದುಕೊಂಡು ಒಬ್ಬರ ಹಿಂದೊಬ್ಬರು ನಿಂತರು. ಶ್ಯಾಮಲಮ್ಮ ಸೆರಗು ಸರಿಮಾಡಿಕೊಂಡು, ಮೂಗೊರೆಸಿಕೊಂಡು, ಮೊರಕ್ಕೆ ಕೈ ಹಾಕಿ ಹಿಡಿ ತುಂಬ ಅಕ್ಕಿ ತೆಗೆದು ಬಗ್ಗಿದಳು.

"ಕೇಳು ಶ್ಯಾಮಲಾ," ಎಂದಳು ಅಂಜಮ್ಮ.

ದನಿ ಜೋರಾಗಿರಲಿಲ್ಲ. ಆದರೂ ತಮಟೆಯ ಸದ್ದಿನಲ್ಲಿ ಹತ್ತಿರವಿದ್ದವರಿಗೆಲ್ಲ ಕೇಳಿಸಿತು.

"ಏನ್ ಕೇಳೋದಕ್ಕಾ?"

"ಬೇಕಾ ಅಂತ. ಒಂಬತ್ತು ದಿನ ಕೇಳಿದ್ಯಲ್ಲ. ಇವತ್ತೂ ಕೇಳು. ಬೇಕು ಅಂದ್ರೆ ಹಾಕು."

ಸಾಲಿನಲ್ಲಿದ್ದ ಹೆಂಗಸರು ತಂತಮ್ಮ ಕೈಯಲ್ಲಿದ್ದ ಅಕ್ಕಿಯನ್ನು ನೋಡಿಕೊಂಡರು. ಅಂಜಮ್ಮ ಕನ್ನಡಕ ತೆಗೆದು, ಇನ್ನೂ ಕೆಂಪಗಿದ್ದ ಕಣ್ಣಿನಿಂದ ಶ್ಯಾಮಲಮ್ಮನನ್ನೇ ನೋಡುತ್ತ ನಿಂತಳು.

ಶ್ಯಾಮಲಮ್ಮನ ಮುಷ್ಟಿ ಕೆಂಪರಾಜುವಿನ ಬಾಯಿಯ ಮೇಲೆ ಬಿಚ್ಚದೆ, ಹಿಂದಕ್ಕೂ ಬಾರದೆ ನಿಂತಿತ್ತು. ಬೆರಳ ಸಂದಿಯಿಂದ ನಾಲ್ಕೈದು ಕಾಳು ಜಾರಿ ಅವನ ಗದ್ದಕ್ಕೆ ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಬಿದ್ದವು.