ರೇಯ್ನಾಳ ಕೈ

ಶವದ ಕೋಣೆಗೆ ಮಸೂದಾ ಬಂದ ಮೊದಲ ದಿನವೇ ನನಗೆ ಅವಳ ಮೇಲೆ ಅನುಮಾನ ಹುಟ್ಟಿತು.

ನಮ್ಮ ತ್ಸಫಾತ್ ಊರಿನಲ್ಲಿ ಯಹೂದಿ ಹೆಂಗಸರು ಯಾರು ತೀರಿಕೊಂಡರೂ ಮೈ ತೊಳೆದು ಬಿಳಿಬಟ್ಟೆ ಉಡಿಸುವ ಕೆಲಸವನ್ನು ಇಪ್ಪತ್ತೆಂಟು ವರ್ಷ ನಾನೂ ರೇಯ್ನಾಳೂ ಮಾಡಿದ್ದೆವು. ಪ್ರಾಣ ಹೋದರೂ ಆತ್ಮ ಮೂರು ದಿನ ದೇಹದ ಹತ್ತಿರವೇ ಸುಳಿದಾಡುತ್ತದೆ ಎಂಬುದು ನಮ್ಮ ಹಿರಿಯರ ಮಾತು. ರೇಯ್ನಾ ಅದನ್ನು ಕಣ್ಣಾರೆ ಕಂಡವಳ ಹಾಗೆ ನಡೆದುಕೊಳ್ಳುತ್ತಿದ್ದಳು. ಮುಟ್ಟುವ ಮೊದಲು ಅಂಗೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. "ಇಲ್ಲೇ ನಿಂತು ನೋಡ್ತಿರ್ತಾಳೆ ಕಣೇ ಸುಲ್ತಾನಾ. ತಣ್ಣನೆ ಕೈ ಇಟ್ರೆ ಬೆಚ್ಚಿಬೀಳಲ್ವಾ?" ತಲೆ ಬಾಚುವಾಗ ನಮ್ಮ ಮನೆಗಳಲ್ಲಿ ಆಡುವ ಹಳೆಯ ಸ್ಪ್ಯಾನಿಷ್ ಮಾತಿನ ಒಂದು ಜೋಗುಳ ಗುನುಗುತ್ತಿದ್ದಳು. ಅದು ಪದ್ಧತಿಯಲ್ಲಿಲ್ಲ. ಆದ್ದರಿಂದ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ.

ಚಳಿಗಾಲದಲ್ಲಿ ರೇಯ್ನಾ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡಳು. ಅವಳನ್ನೂ ನಾನೇ ತೊಳೆದೆ. ಜೋಗುಳ ಮಾತ್ರ ಹಾಡಲಾಗಲಿಲ್ಲ.

ಎರಡು ತಿಂಗಳಾದ ಮೇಲೆ ಈ ಮಸೂದಾ ತಾನಾಗಿಯೇ ಕೆಲಸ ಕೇಳಿಕೊಂಡು ಬಂದಳು. ಮೊರಾಕೊದ ಬೆಟ್ಟದ ಕಡೆಯವಳು, ಮೂವತ್ತೈದರ ಆಸುಪಾಸು, ಮಿತಭಾಷಿ. ನಮ್ಮ ಗುಂಪಿನ ಹಿರಿಯಳು ಎಸ್ತ್ರೆಯಾ ಅಜ್ಜಿ ಅವಳನ್ನು ನನ್ನ ಜೊತೆಗೆ ಹಾಕಿದಳು. ಅಂದು ತೀರಿಕೊಂಡಿದ್ದವಳು ಒಬ್ಬ ದರ್ಜಿಯ ಹೆಂಡತಿ. ನಾನು ನೀರು ಹದ ಮಾಡಿ ತಿರುಗಿ ನೋಡುತ್ತೇನೆ, ಮಸೂದಾ ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾಳೆ! ತಲೆ ಬಾಚುವಾಗ ಅದೇ ಜೋಗುಳ. ರೇಯ್ನಾ ಮೂರನೆಯ ಸಾಲನ್ನು ಮರೆತು ಹಾರಿಸುತ್ತಿದ್ದಳು, ಇವಳೂ ಹಾರಿಸಿದಳು. ಇವಳ ಮನೆಮಾತು ಅರಬ್ಬಿ. ನಮ್ಮ ಸ್ಪ್ಯಾನಿಷ್‌ನ ಒಂದು ಪದವೂ ಇವಳಿಗೆ ಗೊತ್ತಿರಲಿಲ್ಲ.

ಸತ್ತವರ ಮುಂದೆ ಬೇರೆ ಮಾತಾಡಬಾರದು. ಬಾಯಿ ಬಿಗಿಹಿಡಿದು ಕೆಲಸ ಮುಗಿಸಿ ನೇರವಾಗಿ ಅಜ್ಜಿಯ ಮನೆಗೆ ಹೋದೆ.

ನಾನು ಹೇಳಿದ್ದನ್ನು ಕೇಳಿ ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು. "ಇದು ಇಬ್ಬೂರ್ ಕಣೇ! ಏನೋ ಒಂದು ಪುಣ್ಯದ ಕೆಲಸ ಬಾಕಿ ಉಳಿದ್ರೆ, ಒಳ್ಳೆಯವರ ಆತ್ಮ ಬದುಕಿರೋರ ಒಳಗೆ ಬಂದು ಸ್ವಲ್ಪ ದಿನ ಇರುತ್ತೆ. ನಮ್ಮ ರೇಯ್ನಾ ಬಂದಿದ್ದಾಳೆ."

"ಬಂದಿದ್ರೆ ನನ್ನ ಹತ್ರ ಬರ್ತಿದ್ಲು," ಎಂದೆ. "ಯಾವಳೋ ಗುರುತಿಲ್ಲದವಳ ಹತ್ರ ಯಾಕೆ ಹೋಗ್ತಾಳೆ?"

ಒಂದೇ ವಾರದಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಹೆಂಗಸರು ಮಸೂದಾಳ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದೇ ನನ್ನ ಮೈ ಉರಿಸಿತು. ಕದ್ದು ನೋಡಿರಬೇಕೆಂದು ಶವದ ಕೋಣೆಯ ಕಿಟಕಿ ಪರೀಕ್ಷಿಸಿದೆ. ಆಳೆತ್ತರಕ್ಕಿಂತ ಮೇಲಿತ್ತು, ಗಾಜಿಗೆ ಸುಣ್ಣ ಬಳಿದಿತ್ತು. ರೇಯ್ನಾಳ ಖಾಲಿ ಮನೆಯ ಮೇಲೆ ಕಣ್ಣಿರಬಹುದೆಂದು ಅಲ್ಲಿಗೂ ಹೋದೆ. ಬೀಗ ಹಾಗೇ ಇತ್ತು. ಒಂದು ದಿನ ಬೇಕೆಂದೇ ಸುಳ್ಳು ಹೇಳಿ ನೋಡಿದೆ: "ರೇಯ್ನಾ ಬಾಚಣಿಗೆಗೆ ಗುಲಾಬಿ ನೀರು ಹಚ್ತಿದ್ಲು, ಅಲ್ವಾ?"

"ಇಲ್ಲಕ್ಕಾ. ಅವರಿಗೆ ಗುಲಾಬಿ ವಾಸನೆ ಆಗ್ತಿರಲಿಲ್ಲ," ಎಂದಳು ಮೆಲ್ಲಗೆ.

ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಶುಕ್ರವಾರ ಬೆಳಿಗ್ಗೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವಳ ರಟ್ಟೆ ಹಿಡಿದೆ. "ಯಾರೇ ನೀನು? ಯಾರು ಹೇಳಿಕೊಟ್ರು ನಿನಗೆ ಇದನ್ನೆಲ್ಲ? ಸತ್ತವಳ ಹೆಸರಲ್ಲಿ ನಾಟಕ ಆಡೋಕೆ ನಾಚಿಕೆ ಆಗಲ್ವಾ?"

ಅವಳು ಬದನೆಕಾಯಿ ಕೆಳಗಿಟ್ಟಳು. "ಅಂತೂ ಕೇಳಿದ್ರಲ್ಲ. ನೀವಾಗಿ ಕೇಳೋವರೆಗೂ ಹೇಳಬೇಡ ಅಂತ ಮಾತು ತಗೊಂಡಿದ್ರು."

"ಯಾರು?"

"ರೇಯ್ನಾ ಅಮ್ಮ. ನಾನು ಆಸ್ಪತ್ರೆಯಲ್ಲಿ ನೆಲ ಒರೆಸೋಳು. ಇಪ್ಪತ್ತೆರಡು ದಿನ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು ಕಲಿಸಿದ್ರು. ತಮ್ಮ ಮೈ ಮೇಲೇನೇ. 'ಕೈ ಹೀಗೆ ಎತ್ತು, ಕುತ್ತಿಗೆಗೆ ಹೀಗೆ ಆಸರೆ ಕೊಡು' ಅಂತ. ಜೋಗುಳಾನೂ ಅರ್ಥ ಗೊತ್ತಿಲ್ಲದೇನೇ ಬಾಯಿಪಾಠ ಆಯ್ತು. 'ಸುಲ್ತಾನಾ ಒಂಟಿ ಆಗ್ತಾಳೆ, ಈ ಕೆಲಸಕ್ಕೆ ಇಬ್ಬರು ಬೇಕು' ಅಂದ್ರು."

ಆ ಇಪ್ಪತ್ತೆರಡು ದಿನಗಳಲ್ಲಿ ನಾನು ಆಸ್ಪತ್ರೆಗೆ ಹೋದದ್ದು ಒಂದೇ ಒಂದು ಸಲ. ಸತ್ತವರನ್ನು ಅಷ್ಟೊಂದು ಕಂಡವಳಿಗೆ ಸಾಯುತ್ತಿರುವ ರೇಯ್ನಾಳನ್ನು ಮತ್ತೆ ನೋಡುವ ಧೈರ್ಯ ಬರಲಿಲ್ಲ. ಬಸ್ಸಿನವನ ಕೈಲಿ ಹಣ್ಣಿನ ಮುರಬ್ಬ ಕಳಿಸಿ ಸುಮ್ಮನಾಗಿದ್ದೆ.

"ನನ್ನನ್ನ ಬೈದಳಾ?" ಎಂದೆ.

"ಇಲ್ಲ. 'ನೀನಾಗಿ ಮೊದಲೇ ಹೇಳಿಬಿಟ್ರೆ, ಆಸ್ಪತ್ರೆಗೆ ಬರಲಿಲ್ಲ ಅಂತ ನಾನು ದೂರಿದೆ ಅಂದ್ಕೊಂಡು ಸುಲ್ತಾನಾ ಕೊರಗ್ತಾಳೆ' ಅಂದ್ರು. 'ಅವಳಿಗೆ ಪ್ರೀತಿ ಕಮ್ಮಿ ಆಗಿ ಅಲ್ಲ, ಜಾಸ್ತಿ ಆಗಿ ಬರ್ತಾ ಇಲ್ಲ' ಅಂದ್ರು."

ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಕೂತೆ. ಮೋಸ ಬಯಲು ಮಾಡಬೇಕೆಂದು ಹೊರಟವಳಿಗೆ ಬಯಲಾದದ್ದು ನನ್ನದೇ ಮನಸ್ಸು. ಅಷ್ಟು ಅನುಮಾನಪಡುತ್ತಿದ್ದಾಗಲೂ ಒಳಗೊಳಗೇ ಅಜ್ಜಿಯ ಮಾತು ನಿಜವಾಗಲಿ ಎಂದು ಹಂಬಲಿಸಿದ್ದೆ ಎಂಬುದು ಆಗ ತಿಳಿಯಿತು.

ಸಂಜೆ ದೀಪ ಹಚ್ಚುವ ಮೊದಲು ಅಜ್ಜಿಗೆ ಎಲ್ಲ ಹೇಳಿದೆ. "ಆತ್ಮವೂ ಇಲ್ಲ, ಏನೂ ಇಲ್ಲ ಅಜ್ಜಿ. ಕಲಿಸಿದ್ದಳು, ಅಷ್ಟೇ."

ಅಜ್ಜಿ ಸುಲಿಯುತ್ತಿದ್ದ ಬಾದಾಮಿಯ ಸಿಪ್ಪೆಯನ್ನು ನನ್ನ ಮೇಲೆಸೆದು ನಕ್ಕಳು. "ಅಯ್ಯೋ ದಡ್ಡಿ! ಇಬ್ಬೂರ್ ಅಂದ್ರೆ ಅದೇ! ಆತ್ಮ ಮತ್ತಿನ್ನು ಹೇಗೆ ಒಳಗೆ ಹೋಗುತ್ತೆ ಅಂದ್ಕೊಂಡೆ? ಮೂಗಿನ ಹೊಳ್ಳೆಯಿಂದಲಾ?"

ಭಾನುವಾರ ಬಿಳಿಬಟ್ಟೆ ಹೊಲಿಯಲು ಮಸೂದಾಳನ್ನು ಮನೆಗೆ ಕರೆದೆ. ಕಾಫಿ ಕೊಟ್ಟು, ಸೂಜಿಗೆ ದಾರ ಪೋಣಿಸಿ ಅವಳ ಕೈಗಿತ್ತೆ.

"ಆಸ್ಪತ್ರೆಯ ಮೊದಲ ದಿನದಿಂದ ಹೇಳು," ಎಂದೆ. "ಒಂದೂ ಬಿಡಬೇಡ."

"ಮೊದಲ ದಿನ ನನಗೆ ಚೆನ್ನಾಗಿ ಬೈದ್ರು," ಎಂದಳು ಮಸೂದಾ. "ಮಂಚದ ಕೆಳಗೆ ಒರೆಸಿರಲಿಲ್ಲ ಅಂತ."