ನೂರಹದಿನೆಂಟನೆಯ ಪದರ

ನಾನು ಒಂದು ಸಿಲಿಕಾನ್ ಬಿಲ್ಲೆ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಆದರೆ ಗತ್ತಿಗೇನೂ ಕಡಿಮೆಯಿಲ್ಲ. ಬಾಹ್ಯಾಕಾಶ ದೂರದರ್ಶಕದ ಬಾಗಿದ ಕನ್ನಡಿಯ ಪಕ್ಕದಲ್ಲೇ ನನ್ನನ್ನೂ ಇಟ್ಟು, ಅದಕ್ಕೆ ಹಾಕುವ ಲೇಪವನ್ನೇ ನನಗೂ ಹಾಕುತ್ತಾರೆ. ಅದನ್ನು ಮುರಿದು ನೋಡುವಂತಿಲ್ಲ, ನನ್ನನ್ನು ಮುರಿಯಬಹುದು. ಅದಕ್ಕೇ ನನಗೆ ‘ಸಾಕ್ಷಿ’ ಎಂದು ಹೆಸರು.

ತೀಕ್ಷ್ಣ ಎಕ್ಸ್-ಕಿರಣ ಮಾಮೂಲಿ ಕನ್ನಡಿಗೆ ಕ್ಯಾರೇ ಎನ್ನುವುದಿಲ್ಲ, ತೂರಿಕೊಂಡೇ ಹೋಗುತ್ತದೆ. ಅದನ್ನು ಹಿಡಿದು ತಿರುಗಿಸಲು ಒಂದು ಪದರ ಟಂಗ್‌ಸ್ಟನ್, ಒಂದು ಪದರ ಸಿಲಿಕಾನ್, ಹೀಗೆ ಮುನ್ನೂರು ಪದರ ಬೇಕು. ಎಲ್ಲ ಸೇರಿದರೂ ಕೂದಲೆಳೆಯ ಐವತ್ತರಲ್ಲೊಂದು ಪಾಲು! ಗಾಳಿ ತೆಗೆದ ಉಕ್ಕಿನ ಡಬ್ಬಿಯಲ್ಲಿ ಇದನ್ನು ಹಾಕುವವರು ಟೆಕ್ನಿಷಿಯನ್ ಜಯಶೀಲಾ. ಹತ್ತೊಂಬತ್ತು ವರ್ಷ ಪಳಗಿದ ಕೈ. ಪಂಪಿನ ಸದ್ದು ಕೇಳಿಯೇ ಒಳಗಿನ ಸ್ಥಿತಿ ಹೇಳಬಲ್ಲ ಹೆಂಗಸು.

ಅಂಥವರ ಕೈಯಲ್ಲೂ ಒಮ್ಮೆ ತಪ್ಪಾಯಿತು. ನಡುವೆ ಯಂತ್ರ ನಿಂತಿತು, ಅವರು ಮತ್ತೆ ಚಾಲೂ ಮಾಡಿದರು. ಆಗ ಯಾರೂ ಅಲ್ಲಿರಲಿಲ್ಲ. ಆಮೇಲೆ ನನ್ನನ್ನು ಅಳೆದಾಗ ಪರದೆಯ ಮೇಲಿನ ನಕ್ಷೆಯ ಗೆರೆಯಲ್ಲೊಂದು ಸಣ್ಣ ತಗ್ಗು ಕಂಡಿತು. ಅಳೆಯುವ ಯಂತ್ರದ್ದೇ ಚೇಷ್ಟೆ ಇರಬೇಕೆಂದರು ವಿಭಾಗದ ಮುಖ್ಯಸ್ಥ ಮೆನೇಜಸ್. ಪಾಪ, ಅವರ ಅವಸರ ಅವರಿಗೆ. ಕನ್ನಡಿ ಒಪ್ಪಿಸಲು ನಾಲ್ಕೇ ದಿನವಿತ್ತು. ತಡವಾದರೆ ದೂರದರ್ಶಕಕ್ಕೆ ಈ ಸಲದ ರಾಕೆಟ್ಟಿನಲ್ಲಿ ಜಾಗವಿಲ್ಲ.

ಜಯಶೀಲಾ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಸರ್, ಹಾಕಿದ ಪದರಾನೇ ಇನ್ನೊಂದ್ಸಲ ಹಾಕಿಬಿಟ್ಟೆ ಅನ್ಸುತ್ತೆ. ಈ ಸಾಕ್ಷೀನ ಸೀಳಿ ನೋಡಣ,” ಎಂದರು.

“ನಿಮ್ಮ ಅನುಮಾನ ನಿಜ ಆದ್ರೆ ಕನ್ನಡೀನೇ ಹೋಯ್ತಲ್ಲಮ್ಮ?”

“ಮೇಲೆ ಹೋದ್ಮೇಲೆ ಅದನ್ನ ಇಳಿಸಿ ರಿಪೇರಿ ಮಾಡಕ್ಕಾಗುತ್ತಾ ಸರ್?”

ಮೆನೇಜಸ್ ಕನ್ನಡಿಯತ್ತ ಒಮ್ಮೆ ನೋಡಿದರು. ಆಮೇಲೆ ಆಗಲಿ ಎಂದು ತಲೆಯಾಡಿಸಿದರು.

ವಜ್ರದ ಮೊನೆಯಿಂದ ಗೀರಿ ನನ್ನನ್ನು ಎರಡಾಗಿಸಿದರು. ಭಯವಾಯಿತು, ಸುಳ್ಳೇಕೆ ಹೇಳಲಿ? ಸೂಕ್ಷ್ಮದರ್ಶಕದಲ್ಲಿ ನನ್ನ ಅಂಚು ನೋಡಿದರೆ ನೂರಹದಿನೆಂಟನೆಯ ಟಂಗ್‌ಸ್ಟನ್ ಗೆರೆ ದುಪ್ಪಟ್ಟು ದಪ್ಪ. ಜಯಶೀಲಾ ಕಣ್ಣೊರೆಸಿಕೊಂಡರು. ಆ ಕನ್ನಡಿಯನ್ನು ಬದಿಗಿಟ್ಟು ಲೇಪವಿಲ್ಲದ ಹೊಸ ಕನ್ನಡಿ ಗಾಜನ್ನು ಯಂತ್ರಕ್ಕೆ ಏರಿಸಿದರು. ಮೂರು ದಿನ ಯಂತ್ರದ ಮುಂದಿನಿಂದ ಕದಲಲಿಲ್ಲ. ನಾಲ್ಕನೆಯ ದಿನ ಕನ್ನಡಿ ಸಿದ್ಧವಾಗಿತ್ತು.

ಅದು ಆಕಾಶಕ್ಕೆ ಹೋಯಿತು. ನಾನು ಬೀರುವಿನ ಡ್ರಾಯರಿಗೆ ಬಂದೆ. ಹೊಟ್ಟೆಕಿಚ್ಚು ಇಲ್ಲವೆಂದರೆ ನೀವೂ ನಂಬಲಾರಿರಿ.

ಮೊದಲ ಚಿತ್ರ ಬಂದ ದಿನ ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಜಯಶೀಲಾ ಮಾತ್ರ ಎದ್ದು ಬಂದು ಡ್ರಾಯರ್ ತೆಗೆದರು. ನನ್ನ ಎರಡೂ ಹೋಳುಗಳನ್ನು ಅಚ್ಚು ಹಾಕಿಸಿದ ಆ ಚಿತ್ರದ ಮೇಲಿಟ್ಟರು. ಸತ್ತ ನಕ್ಷತ್ರವೊಂದರ ಚೂರುಗಳು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕಾಣುತ್ತಿದ್ದವು.

“ನೋಡ್ಕೋ,” ಎಂದರು. “ಮೊದಲು ನಿಂಗೇ ತೋರಿಸ್ಬೇಕು ಅನ್ನಿಸ್ತು.”